ಬಾಡಿಗೆಯ ಮಾತಿಗೆ ಕೂರುವ ಮುನ್ನ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಅನೇಕ ಆಶೀರ್ವಾದಗಳು.

ನಿಮ್ಮ ಸಂಘದ ಎರಡು ದಿನಗಳ ಸಮಾವೇಶಕ್ಕೆ ಸಭಾಂಗಣ ಗೊತ್ತುಮಾಡುವ ಹೊಣೆ ನಿನ್ನ ಮೇಲೆ ಬಿದ್ದಿದೆಯೆಂದೂ, ಅವರು ಹೇಳಿದ ಬಾಡಿಗೆ ನಿಮ್ಮ ಕೈಗೆ ಎಟುಕುವಂತಿಲ್ಲವೆಂದೂ ಬರೆದಿದ್ದೀಯೆ. ಬಾಡಿಗೆ ಇಳಿಸಿ ಎಂದು ನೇರವಾಗಿ ಕೇಳಿಬಿಡಲೇ ಎಂಬ ಪ್ರಶ್ನೆಗೆ, ಈಗಲೇ ಬೇಡ ಎಂಬುದು ನನ್ನ ಉತ್ತರ. ಇಂತಹ ಕಾರ್ಯಕ್ರಮಗಳ ಲೆಕ್ಕಪತ್ರವನ್ನು ಬಹುಕಾಲ ನೋಡಿಕೊಂಡ ನನಗೆ ಮನದಟ್ಟಾಗಿರುವುದೇನೆಂದರೆ, ಹಣ ಹೆಚ್ಚಾಗಿ ಸೋರುವುದು ಬಾಡಿಗೆಗೆ ಅಂಟಿಕೊಂಡು ಬರುವ ಷರತ್ತುಗಳಲ್ಲಿ. ಚೌಕಾಸಿ ಮಾಡಬೇಕಾದ ಜಾಗವೂ ಅದೇ.

ಮೊದಲು ಎದುರು ಕುಳಿತವರ ಕಷ್ಟವನ್ನು ತಿಳಿದುಕೋ. ಸಿಬ್ಬಂದಿಯ ಸಂಬಳ, ಕಟ್ಟಡದ ನಿರ್ವಹಣೆ, ಸಾಲದ ಕಂತು ಇವೆಲ್ಲ ಸಮಾರಂಭ ನಡೆದರೂ ನಡೆಯದಿದ್ದರೂ ಮಾಲೀಕರಿಗೆ ತಪ್ಪದ ಖರ್ಚುಗಳು. ಖಾಲಿ ಹೋದ ದಿನವನ್ನು ಅವರು ಮತ್ತೆಂದೂ ಯಾರಿಗೂ ಕೊಡಲಾರರು. ಆದ್ದರಿಂದಲೇ ಬೇಡಿಕೆಯ ದಿನಗಳಲ್ಲಿ ಬಿಡಿಗಾಸನ್ನೂ ಬಿಡದವರು ಬೇಡಿಕೆ ಕಡಿಮೆಯಿರುವ ದಿನಗಳಿಗೆ ಬಹುಮಟ್ಟಿಗೆ ತಾವಾಗಿಯೇ ಇಳಿಯುತ್ತಾರೆ. ಸಮಿತಿಯವರಿಂದ ಎರಡು ಮೂರು ದಿನಾಂಕಗಳಿಗೆ ಮೊದಲೇ ಒಪ್ಪಿಗೆ ಪಡೆದು ಹೋಗು. ಇವುಗಳಲ್ಲಿ ನಿಮಗೆ ಅನುಕೂಲವಾದ ದಿನ ಯಾವುದು, ಅದಕ್ಕೆ ದರವೆಷ್ಟು ಎಂದು ಕೇಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಒಂದೇ ದಿನಕ್ಕೆ ಜೋತುಬಿದ್ದವರಿಗೆ ಈ ಅನುಕೂಲವಿಲ್ಲ.

ಬಳಿಕ ಕನಿಷ್ಠ ಮೂರು ಕಡೆಗಳಿಂದ ಲಿಖಿತ ದರಪಟ್ಟಿ ತರಿಸಿಕೋ. ಮೂವರಿಗೂ ಒಂದೇ ಬೇಡಿಕೆಯ ಪಟ್ಟಿಯನ್ನು ಕೊಡದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಒಬ್ಬರ ಬಾಡಿಗೆಯಲ್ಲಿ ಕುರ್ಚಿ, ಧ್ವನಿವರ್ಧಕ, ಜನರೇಟರ್, ಸ್ವಚ್ಛತೆ ಎಲ್ಲವೂ ಸೇರಿದ್ದರೆ, ಇನ್ನೊಬ್ಬರು ಅವೆಲ್ಲಕ್ಕೂ ಬೇರೆ ಬೇರೆ ಬಿಲ್ ಮಾಡುತ್ತಾರೆ. ಸೇವಾ ಶುಲ್ಕ ಎಷ್ಟು, ತೆರಿಗೆ ಯಾವ ಮೊತ್ತದ ಮೇಲೆ, ಹೊರಗಿನ ಅಡುಗೆಯವರನ್ನು ಕರೆತಂದರೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದನ್ನೆಲ್ಲ ಕೇಳಿ, ಕೊನೆಗೆ ಕೈಯಿಂದ ಹೋಗುವ ಒಟ್ಟು ಮೊತ್ತವನ್ನು ಮಾತ್ರ ಹೋಲಿಸಿ ನೋಡು.

ಇನ್ನು, ನಾನು ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳಬೇಕಾದದ್ದು ಊಟದ ಕನಿಷ್ಠ ಸಂಖ್ಯೆಯ ವಿಚಾರ. ಉತ್ಸಾಹದಲ್ಲಿ 300 ಜನರೆಂದು ಕರಾರಿನಲ್ಲಿ ಬರೆಸಿ, 240 ಜನರೇ ಬಂದರೆ, ಯಾರೂ ಉಣ್ಣದ 60 ಊಟಗಳಿಗೂ ನೀವು ಹಣ ಕೊಡಬೇಕಾಗುತ್ತದೆ. ನೀನು ಕಷ್ಟಪಟ್ಟು ಪ್ರತಿ ಊಟದ ದರದಲ್ಲಿ ಶೇಕಡಾ 10ರಷ್ಟು ರಿಯಾಯಿತಿ ಗಿಟ್ಟಿಸಿಕೊಂಡಿದ್ದರೂ 270 ಊಟಗಳ ಪೂರ್ಣ ಹಣ ಹೋಗಿಯೇ ಹೋಗುತ್ತದೆ. ಅದೇ ಯಾವ ರಿಯಾಯಿತಿಯನ್ನೂ ಕೇಳದೆ 240 ಎಂದಷ್ಟೇ ಬರೆಸಿದ್ದರೆ 30 ಊಟಗಳ ಹಣ ಉಳಿಯುತ್ತಿತ್ತು. ಹಿಂದಿನ ಸಮಾವೇಶಗಳಲ್ಲಿ ಹೆಸರು ನೋಂದಾಯಿಸಿದವರೆಷ್ಟು, ನಿಜವಾಗಿ ಬಂದವರೆಷ್ಟು ಎಂಬುದನ್ನು ಹಳೆಯ ಕಡತಗಳಿಂದ ತೆಗೆದು, ಕನಿಷ್ಠ ಸಂಖ್ಯೆಯನ್ನು ತಗ್ಗಿಸಿ ಇಟ್ಟುಕೋ. ಅಂತಿಮ ಸಂಖ್ಯೆ ತಿಳಿಸುವ ದಿನವನ್ನು ಸಮಾವೇಶಕ್ಕೆ ಆದಷ್ಟು ಹತ್ತಿರಕ್ಕೆ ತರಲು ಪ್ರಯತ್ನಿಸು. ಅದಕ್ಕಿಂತ ಹೆಚ್ಚು ಜನ ಬಂದರೆ ಅದೇ ದರದಲ್ಲಿ ಬಡಿಸಬೇಕೆಂದೂ ಬರೆಸು.

ಇಷ್ಟಾದ ಮೇಲೂ ಬಾಡಿಗೆ ಇಳಿಯದಿದ್ದರೆ ಬೇಸರಿಸಬೇಡ. ಒಬ್ಬರಿಗೆ ಇಳಿಸಿದ ಬಾಡಿಗೆಯನ್ನು ನಾಳೆ ಎಲ್ಲರೂ ಕೇಳುತ್ತಾರೆಂಬ ಅಂಜಿಕೆ ಅವರಿಗೆ ಇರುವುದು ಸಹಜ. ಆಗ ಅವರಿಗೆ ಹೆಚ್ಚು ಖರ್ಚಿಲ್ಲದ, ನಿಮಗೆ ಬೆಲೆಯುಳ್ಳ ಅನುಕೂಲಗಳನ್ನು ಕೇಳು: ಹಿಂದಿನ ಸಂಜೆ ಸಭಾಂಗಣ ಖಾಲಿಯಿದ್ದರೆ ಸಿದ್ಧತೆಗೆ ಬಿಟ್ಟುಕೊಡುವುದು, ಪ್ರೊಜೆಕ್ಟರನ್ನು ಬಾಡಿಗೆಯಲ್ಲೇ ಸೇರಿಸುವುದು, ಮುಕ್ತಾಯ ತಡವಾದರೆ ಒಂದು ಗಂಟೆಯವರೆಗೆ ಹೆಚ್ಚುವರಿ ಹಣ ಕೇಳದಿರುವುದು.

ಮಾತನಾಡುವಾಗ ನಿಮ್ಮ ಮಿತಿ ಇಷ್ಟೆಂದು ನೀನಾಗಿ ಮೊದಲು ಹೇಳಬೇಡ. ಹಾಗೆಂದು ಬೇರೆ ಕಡೆ ಕಡಿಮೆಗೆ ಸಿಗುತ್ತಿದೆ ಎಂದು ಇಲ್ಲದ ದರವನ್ನೂ ಹೇಳಬೇಡ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಸಮಾವೇಶದ ದಿನ ವಿದ್ಯುತ್ ಕೈಕೊಟ್ಟರೆ, ಊಟ ತಡವಾದರೆ, ನೀನು ಓಡಿಹೋಗುವುದು ಅದೇ ವ್ಯವಸ್ಥಾಪಕರ ಬಳಿಗೆ. ನಿನ್ನ ಮಾತಿನಲ್ಲಿ ಅವರಿಗೆ ನಂಬಿಕೆ ಉಳಿದಿರಬೇಕು. ಮುಂದಿನ ವರ್ಷವೂ ಇಲ್ಲಿಯೇ ನಡೆಸುತ್ತೇವೆ ಎಂಬ ಭರವಸೆಗೆ ಒಳ್ಳೆಯ ಬೆಲೆ ಸಿಗುತ್ತದೆ, ನಿಜ. ಆದರೆ ಸಮಿತಿ ಹಾಗೆ ತೀರ್ಮಾನಿಸಿದ್ದರೆ ಮಾತ್ರ ಆ ಮಾತನ್ನು ಆಡು. ದರ ಇಳಿಸುವ ಅಧಿಕಾರ ಯಾರಿಗಿದೆ ಎಂದು ವಿಚಾರಿಸಿಕೊಂಡು ಅವರೊಡನೆಯೇ ಕುಳಿತುಕೋ.

ರದ್ದತಿಯ ಷರತ್ತನ್ನು ಸಹಿ ಹಾಕುವ ಮೊದಲು ಎರಡು ಬಾರಿ ಓದು. ನೀವು ಬಿಟ್ಟ ದಿನ ಬೇರೆಯವರಿಗೆ ಹೋದರೆ ಮುಂಗಡದಲ್ಲಿ ಎಷ್ಟು ಹಿಂದಿರುಗುತ್ತದೆ, ಅವರೇ ರದ್ದು ಮಾಡಿದರೆ ನಿಮಗೇನು ಪರಿಹಾರ, ಠೇವಣಿ ಎಷ್ಟು ದಿನಗಳಲ್ಲಿ ಮರಳುತ್ತದೆ ಎಂಬ ಮೂರೂ ಅದರಲ್ಲಿ ಸ್ಪಷ್ಟವಾಗಿರಬೇಕು. ಬಾಯಿಮಾತಿನಲ್ಲಿ ಒಪ್ಪಿದ್ದನ್ನೆಲ್ಲ ಅದೇ ಸಂಜೆ ಇಮೇಲ್‌ನಲ್ಲಿ ಬರೆದು ಕಳುಹಿಸಿ ಅವರ ಒಪ್ಪಿಗೆ ಪಡೆದುಕೋ. ಮುಂಗಡ ಕಟ್ಟುವ ಮೊದಲು ಕರಾರಿನ ಕರಡನ್ನು ನನಗೂ ಒಂದು ಪ್ರತಿ ಕಳುಹಿಸು. ಕುಳಿತು ಓದಿ, ತೋಚಿದ್ದನ್ನು ಗುರುತು ಹಾಕಿ ತಿಳಿಸುತ್ತೇನೆ.

ಇಂತು,
ನಿನ್ನ ದೊಡ್ಡಮ್ಮ