ಮೊಮ್ಮಗಳಿಗೊಂದು ಕಾಗದ

ಪ್ರೀತಿಯ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ನೀನು ನಿಮ್ಮ ಚರ್ಚಿನ ಸಂತ ವಿನ್ಸೆಂಟ್ ದೆ ಪೌಲ್ ಸಭೆಗೆ ಸೇರಿದ್ದು ತಿಳಿದು ಸಂತೋಷವಾಯಿತು. ಒಂದೇ ಭಾನುವಾರ ನಲವತ್ತು ಮನೆಗಳಿಗೆ ಅಕ್ಕಿಬೇಳೆ ಹಂಚಿ ಮುಗಿಸಿದೆವೆಂದು ಬರೆದಿದ್ದೀಯೆ. ಆ ‘ಮುಗಿಸಿದೆವು’ ಎಂಬ ಮಾತಿನ ಮೇಲೆಯೇ ಈ ಕಾಗದ.

ನಿಮ್ಮ ಸಭೆ ಯಾರ ಹೆಸರು ಹೊತ್ತಿದೆಯೋ ಆ ವಿನ್ಸೆಂಟರು 1617ರಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನ ಪಾದ್ರಿಯಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಅವರು ಪೂಜೆಗೆ ಉಡುಪು ತೊಡುತ್ತಿದ್ದಾಗ, ಊರಾಚೆಯ ಒಂಟಿ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರು ಯಾರೂ ಇಲ್ಲ ಎಂಬ ಸುದ್ದಿ ಬಂತು. ಪೂಜೆಯ ಪ್ರವಚನದಲ್ಲಿ ಅದನ್ನು ಹೇಳಿದರು. ಮಧ್ಯಾಹ್ನ ತಾವೇ ಹೊರಟು ನೋಡಿದರೆ, ಹಾದಿಯುದ್ದಕ್ಕೂ ಹೆಂಗಸರು. ಕೆಲವರು ಅತ್ತ ಹೋಗುತ್ತಿದ್ದಾರೆ, ಕೆಲವರು ಮರಳುತ್ತಿದ್ದಾರೆ, ಕೆಲವರು ದಣಿದು ದಾರಿಬದಿಯಲ್ಲಿ ಕುಳಿತಿದ್ದಾರೆ. ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ಹಿಗ್ಗುತ್ತಿದ್ದರು. ಇವರಿಗೆ ಹೊಳೆದದ್ದು ಬೇರೆ: ಇಂದು ರಾಶಿ ಬಿದ್ದ ಊಟ ಹಳಸಿಹೋಗುತ್ತದೆ, ನಾಲ್ಕು ದಿನ ಕಳೆದರೆ ಆ ಮನೆಯ ಒಲೆ ಮತ್ತೆ ತಣ್ಣಗಿರುತ್ತದೆ. ಆದ್ದರಿಂದ ಕೆಲವು ಹೆಂಗಸರನ್ನು ಕೂಡಿಸಿ, ದಿನಕ್ಕೊಬ್ಬರಂತೆ ಪಾಳಿ ಗೊತ್ತುಮಾಡಿ, ಆ ಡಿಸೆಂಬರಿನೊಳಗೆ ನಿಯಮಾವಳಿಯನ್ನೂ ಬರೆದುಕೊಟ್ಟರು.

ಆ ನಿಯಮಾವಳಿ ನನಗೆ ಪ್ರವಚನಗಳಿಗಿಂತ ಹೆಚ್ಚು ಪ್ರಿಯ. ಪಾಳಿಯವಳು ತಾನೇ ಅಡುಗೆ ಮಾಡಿ ಒಯ್ಯಬೇಕು, ನಗುಮೊಗದಿಂದ ಮಾತನಾಡಿಸಬೇಕು, ಹಾಸಿಗೆಯ ಮೇಲೆ ಹಲಗೆಯಿಟ್ಟು ಬಟ್ಟೆ ಹಾಸಿ, ರೋಗಿಯ ಕೈ ತೊಳೆಸಿ, ಮಾಂಸವನ್ನು ಸಣ್ಣಗೆ ಕತ್ತರಿಸಿ ಕೊಡಬೇಕು. ಇನ್ನೂ ಒಂದು ಮಾತಿದೆ: ಜೊತೆಗೆ ಜನವಿರುವ ರೋಗಿಗಳ ಮನೆಗೆ ಮೊದಲು ಹೋಗಿ, ಒಂಟಿಯಾಗಿರುವವರನ್ನು ಕೊನೆಗೆ ಇಟ್ಟುಕೊಳ್ಳಬೇಕು, ಅವರ ಬಳಿ ಹೆಚ್ಚು ಹೊತ್ತು ಕೂರಬಹುದಲ್ಲ.

ಮುಂದೆ ಪ್ಯಾರಿಸ್ಸಿಗೂ ಹಬ್ಬಿದ ಇದೇ ಏರ್ಪಾಡು ಅಲ್ಲಿ ಸೊರಗಿತು. ದೊಡ್ಡಮನೆಯ ಹೆಂಗಸರು ಹಣ ಕೊಟ್ಟರು, ಗಂಜಿಯ ಪಾತ್ರೆಯನ್ನು ಮಾತ್ರ ಆಳುಗಳ ಕೈಲಿ ಕಳುಹಿಸತೊಡಗಿದರು. (ನಮ್ಮೂರಿನಲ್ಲೂ ಇಂಥ ದಾನಿಗಳನ್ನು ಕಂಡಿದ್ದೇನೆ; ಅವರ ಹಣವೂ ಬೇಕು, ಜರಿಯಬೇಡ.) ಆಗ ಮುಂದೆ ಬಂದವಳು ಮಾರ್ಗರೀತ್ ನಾಸೋ, ದನ ಕಾಯುತ್ತಲೇ ಅಕ್ಷರ ಕಲಿತ ಹಳ್ಳಿ ಹುಡುಗಿ. ಪ್ಲೇಗು ತಗಲಿದ ಹೆಂಗಸೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗದಿಂದ 1633ರಲ್ಲಿ ತೀರಿಕೊಂಡಳು. ಅದೇ ವರ್ಷದ ನವೆಂಬರಿನಲ್ಲಿ, ವಿನ್ಸೆಂಟರ ಕೆಲಸಕ್ಕೆ ಜೊತೆಯಾಗಿದ್ದ ಲೂಯಿಸ್ ದ ಮಾರಿಯಾಕ್ ಎಂಬ ಹೆಣ್ಣುಮಗಳು ಅಂಥ ಹುಡುಗಿಯರನ್ನು ತಮ್ಮ ಮನೆಯಲ್ಲಿ ಕೂಡಿಸಿ ಕಟ್ಟಿದ ಸಂಘದಲ್ಲಿ ಮಠದ ಗೋಡೆಯಿರಲಿಲ್ಲ; ರೋಗಿಯ ಮನೆಯೇ ಮಠ, ಊರಿನ ಬೀದಿಯೇ ಅಂಗಳ.

ನಿಮ್ಮ ಸಭೆ ಹುಟ್ಟಿದ್ದು ಅದಕ್ಕೂ ಇನ್ನೂರು ವರ್ಷಗಳ ಮೇಲೆ, 1833ರಲ್ಲಿ. ಗೆಳೆಯರೊಡನೆ ಅದನ್ನು ಕಟ್ಟಿದ ಫ್ರೆಡರಿಕ್ ಓಜಾನಾಂ ಆಗ ಪ್ಯಾರಿಸ್ಸಿನಲ್ಲಿ ಇಪ್ಪತ್ತರ ವಿದ್ಯಾರ್ಥಿ. ಯಾವ ಮನೆಗೆ ಹೋಗಬೇಕೆಂದು ಅವನಿಗೂ ಗೆಳೆಯರಿಗೂ ತೋರಿಸಿಕೊಟ್ಟವರು ಲೂಯಿಸ್‌ರ ಸಂಘದವರೇ ಆದ ಸಿಸ್ಟರ್ ರೊಸಾಲಿ.

ಮುಂದಿನ ಪಟ್ಟಿ ಬರೆಯುವಾಗ ನೀನು ಹೇಳಿದ ಆ ಒಂಟಿ ಮುದುಕಿಯ ಹೆಸರನ್ನು ಕೊನೆಗೆ ಬರೆ. ಚೀಲವನ್ನು ಬಾಗಿಲಲ್ಲಿಟ್ಟು ಬರಬೇಡ. ಅಜ್ಜಿಯ ಹಳೆಯ ಊಟದ ಕ್ಯಾರಿಯರನ್ನು ಉಜ್ಜಿ ಇಟ್ಟಿದ್ದೇನೆ. ಶನಿವಾರ ಬಂದು ತೆಗೆದುಕೊಂಡು ಹೋಗು.

ನಿನ್ನ ಅಜ್ಜ