ಮಗಳಿಗೊಂದು ಪತ್ರ: ಆ ಥಂಬ್‌ನೇಲ್ ತೆಗಿ, ಪುಟ್ಟಿ

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅವತ್ತು ರಾತ್ರಿ ಏನೇನು ಮಾತಾಯಿತು ಅಂತ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಚಿಕ್ಕಮ್ಮನ ಎದುರು ಅಷ್ಟು ಗಟ್ಟಿಯಾಗಿ ಬೈಯಬಾರದಿತ್ತು, ಅದಕ್ಕೆ ನನಗೆ ಬೇಜಾರಿದೆ. ಆದರೆ ಹೇಳಿದ ವಿಷಯದಿಂದ ಹಿಂದೆ ಸರಿಯುವುದಿಲ್ಲ.

ನೀನು ಬಸ್ ಹತ್ತಿದ ಮೇಲೆ, ನಟ ದರ್ಶನ್ ಆರೋಪಿಯಾಗಿರುವ ರೇಣುಕಾಸ್ವಾಮಿ ಕೊಲೆ ಕೇಸಿನ ಬಗ್ಗೆ ನಿನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕಿದ ಆ ವಿಡಿಯೋ ಮತ್ತೆ ನೋಡಿದೆ, ಪೂರ್ತಿ. ಎಷ್ಟು ಚೆನ್ನಾಗಿ ಮಾತಾಡುತ್ತೀಯ! ಎಲ್ಲೂ ತಡವರಿಸುವುದಿಲ್ಲ, ಕನ್ನಡ ಸ್ವಚ್ಛವಾಗಿದೆ, ತಾರೀಖು, ಸ್ಥಳ ಎಲ್ಲ ಸರಿಯಾಗಿ ಹೇಳಿದ್ದೀಯ. 2024ರ ಜೂನ್ 9ರಂದು ಬೆಂಗಳೂರಿನ ಸುಮನಹಳ್ಳಿಯ ರಾಜಕಾಲುವೆ ಹತ್ತಿರ ರೇಣುಕಾಸ್ವಾಮಿ ಶವ ಸಿಕ್ಕಿದ್ದು, ಹೊಡೆದರು ಎನ್ನುವ ಪಟ್ಟಣಗೆರೆ ಶೆಡ್, 3,991 ಪುಟದ ಚಾರ್ಜ್‌ಶೀಟ್, ಹದಿನೇಳು ಆರೋಪಿಗಳು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೇ ನಾಲ್ಕು ಜನಕ್ಕೆ ಕಳಿಸುತ್ತಿದ್ದೆ. ಅಲ್ಲಿಂದ ಮುಂದೆ 'ನನ್ನ ಥಿಯರಿ' ಅಂತ ಶುರು ಮಾಡಿದೆಯಲ್ಲ, ಯಾರು ಮೊದಲು ಹೊಡೆದಿರಬಹುದು, ಯಾರು ಬಾಯಿಬಿಟ್ಟಿರಬಹುದು, ಯಾವ ಸಾಕ್ಷಿ ಉಲ್ಟಾ ಹೊಡೆಯಬಹುದು ಅಂತ, ಅಲ್ಲಿ ನನ್ನ ಎದೆ ಧಸಕ್ ಅಂದಿತು.

'ನೀನು ಕೋರ್ಟ್ ಟೈಪಿಸ್ಟ್ ಅಷ್ಟೇ, ವಕೀಲೆ ಅಲ್ಲ' ಅಂದೆ ನೀನು. ನಿಜ, ನಾನು ವಕೀಲೆ ಅಲ್ಲ. ಆದರೆ ಸಾಕ್ಷಿ ಕಟ್ಟೆಯಲ್ಲಿ ನಿಂತವರು ಹೇಳಿದ್ದನ್ನು, ನ್ಯಾಯಾಧೀಶರು ಬರೆಸಿದ ಹಾಗೆ, ಒಂದೊಂದು ಪದ ಬಿಡದೆ ಟೈಪ್ ಮಾಡಿದವಳು. ಅದರಲ್ಲಿ ಒಂದು ಹೇಳಿಕೆ ಇವತ್ತಿಗೂ ತಲೆಯಿಂದ ಹೋಗಿಲ್ಲ, ನಿನಗೆ ಅದನ್ನು ಯಾವತ್ತೂ ಹೇಳಿರಲಿಲ್ಲ.

ನೀನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಒಂದು ಹಳ್ಳಿಯ ಕೊಲೆ ಕೇಸು. ಕಡಲೆಪುರಿ ಮಾರುವ ಒಬ್ಬ ಅಜ್ಜಿ ಸಾಕ್ಷಿ. ಆರೋಪಿ ಆ ರಾತ್ರಿ ತೋಟದ ದಾರಿಯಲ್ಲಿ ಓಡಿ ಹೋಗಿದ್ದನ್ನು ಕಣ್ಣಾರೆ ಕಂಡೆ ಅಂತ ಮುಖ್ಯ ವಿಚಾರಣೆಯಲ್ಲಿ ಹೇಳಿದಳು. ಸ್ಪಷ್ಟವಾಗಿ ಹೇಳಿದಳು, ಕೈ ಚಾಚಿ ಅವನನ್ನೇ ತೋರಿಸಿದಳು. ಪಾಟೀ ಸವಾಲಿಗೆ ಆರೋಪಿ ಪರ ವಕೀಲರು ಎದ್ದರು. ತುಂಬಾ ಮರ್ಯಾದೆಯಿಂದಲೇ ಕೇಳಿದರು. ಯಾವ ಬೆಳಕಲ್ಲಿ ನೋಡಿದಿರಿ ಅಜ್ಜಿ? ಬೀದಿ ದೀಪ ಸ್ವಾಮಿ. ಯಾವ ಕಂಬದ್ದು? ಬೇವಿನ ಮರದ ಹತ್ತಿರದ್ದು. ಆಮೇಲೆ ಕೆಇಬಿಯವರ ಲಾಗ್ ಪುಸ್ತಕ ಬಂತು, ಆ ರಾತ್ರಿ ಆ ಲೈನಿನಲ್ಲಿ ಕರೆಂಟೇ ಇರಲಿಲ್ಲ. 'ನಾನು ಆ ದಿನ ಆರೋಪಿಯನ್ನು ನೋಡಲಿಲ್ಲ ಎಂದರೆ ಸರಿಯಲ್ಲ' ಅಂತ ಅವಳ ಉತ್ತರ ಟೈಪ್ ಮಾಡುವಾಗ ತಲೆ ಎತ್ತಿ ಅವಳ ಮುಖ ನೋಡಿದೆ. ಸುಳ್ಳು ಹೇಳುವವಳ ಮುಖ ಅಲ್ಲ ಅದು. ಸೆರಗಿನ ತುದಿಯ ಗಂಟನ್ನು ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ವಕೀಲರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು, ಅವನೇ ಮಾಡಿದ್ದು ಅಂತ ಊರಲ್ಲಿ ಎಲ್ಲರೂ ಮಾತಾಡ್ತಿದ್ರಾ? ಹೌದು ಸ್ವಾಮಿ, ಮಾರನೇ ದಿನದಿಂದಲೇ, ಅರಳಿಕಟ್ಟೆ ಮೇಲೆ ಎಲ್ಲರೂ ಅದೇ ಮಾತು.

ಅಷ್ಟೇ ಪುಟ್ಟಿ. ಅಜ್ಜಿ ಯಾರನ್ನೋ ನೋಡಿದ್ದಳೇನೋ, ಬರೀ ಹೆಜ್ಜೆ ಸದ್ದು ಕೇಳಿದ್ದಳೇನೋ. ಕಟ್ಟೆ ಮೇಲಿನ ಮಾತು ಕೇಳಿ ಕೇಳಿ ಅದಕ್ಕೆ ಮುಖ ಬಂತು, ಬೆಳಕೂ ಬಂತು. ಕೋರ್ಟಿಗೆ ಬರುವ ಹೊತ್ತಿಗೆ ಅವಳ ಮಟ್ಟಿಗೆ ಅದು ಕಣ್ಣಾರೆ ಕಂಡದ್ದೇ ಆಗಿತ್ತು. ಆರೋಪಿ ಖುಲಾಸೆಯಾದ. ಅವನು ಮಾಡಿದ್ದನೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಾಡಿಲ್ಲದಿದ್ದರೆ ಅಷ್ಟು ವರ್ಷ ಸುಮ್ನೆ ಜೈಲಲ್ಲಿದ್ದ. ಮಾಡಿದ್ದರೆ, ಊರಿನ ಬಾಯಿಯೇ ಅವನನ್ನು ಬಿಡಿಸಿತು. ಸತ್ತವನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತೀರ್ಪು ಓದಿದ ಮೇಲೂ ಎದ್ದು ಹೋಗಲಿಲ್ಲ, ಕಸ ಗುಡಿಸುವವನು ಬಂದು ಎಬ್ಬಿಸಿದ.

ಆ ಕೇಸಿಗೆ ಇದ್ದದ್ದು ಒಂದು ಅರಳಿಕಟ್ಟೆ. ಈ ಕೇಸಿಗೆ ಎಷ್ಟು ಕಟ್ಟೆ ಲೆಕ್ಕ ಹಾಕು. ಚಾರ್ಜ್‌ಶೀಟಿನಲ್ಲಿ 231 ಸಾಕ್ಷಿಗಳಿದ್ದಾರೆ. ಅವರ ಕೈಯಲ್ಲೂ ಮೊಬೈಲ್ ಇದೆ ಅಲ್ವಾ? ನಿನ್ನ ವಿಡಿಯೋ ನೋಡಿದವರು ಅವರಲ್ಲಿ ಒಬ್ಬರಾದರೂ ಇರಬಹುದು. ನಾಳೆ ಪಾಟೀ ಸವಾಲಿನಲ್ಲಿ 'ಇದನ್ನೆಲ್ಲ ನೀವು ಯೂಟ್ಯೂಬಲ್ಲಿ ನೋಡಿ ಹೇಳ್ತಿದ್ದೀರಿ' ಅಂತ ವಕೀಲರು ಕೇಳಿದರೆ ಏನು ಉತ್ತರ? 'ರೇಣುಕಾಸ್ವಾಮಿಗೆ ನ್ಯಾಯ ಸಿಗಲಿ' ಅಂತ ಕೊನೆಗೆ ಕೈ ಮುಗಿದೆ ನೀನು. ಸಿಗಬೇಕು ಅಂತ ನನಗೂ ಇದೆ. ಅವನು ನಮ್ಮ ಚಿತ್ರದುರ್ಗದ ಹುಡುಗ. ನ್ಯಾಯ ಸಿಗಬೇಕಾದರೆ ಸಾಕ್ಷಿಗಳು ತಾವು ಕಂಡದ್ದನ್ನು ಕಂಡಷ್ಟೇ ಹೇಳುವ ಹಾಗಿರಬೇಕು.

ಇನ್ನು ನೀನು ತಪ್ಪು ಹೇಳಿದ್ದು. ಲೆಕ್ಚರ್ ಅಂದರೂ ಸರಿ, ಕೇಳಿಸಿಕೋ.

2025ರ ನವೆಂಬರ್ 3ಕ್ಕೆ ದೋಷಾರೋಪ ಹೊರಿಸಿದ್ದನ್ನು 'ಕೋರ್ಟ್ ಆರೋಪ ಒಪ್ಪಿಕೊಂಡಿದೆ' ಅಂದೆ. ಹಾಗಲ್ಲ. ವಿಚಾರಣೆ ನಡೆಸುವಷ್ಟು ಅಂಶ ಇದೆ ಅಂತ ಮಾತ್ರ ಅದರ ಅರ್ಥ. ಆರೋಪ ಓದಿ ಹೇಳಿ ಒಪ್ಪುತ್ತೀರಾ ಅಂತ ಕೇಳಿದರು, ಎಲ್ಲರೂ ಇಲ್ಲ ಅಂದರು. ಸಾಕ್ಷ್ಯ ಅಂತ ಶುರುವಾಗುವುದೇ ಅದಾದ ಮೇಲೆ.

ದರ್ಶನ್ ಸ್ನೇಹಿತೆ ಪವಿತ್ರಾ ಗೌಡ ಎ1 (ಒಂದನೇ ಆರೋಪಿ), ದರ್ಶನ್ ಎ2, ಆದ್ದರಿಂದ ಇಂಥವರದ್ದೇ ಜಾಸ್ತಿ ಪಾತ್ರ ಅಂತ ಹತ್ತು ನಿಮಿಷ ಮಾತಾಡಿದ್ದೀಯ. ಅದು ಪಟ್ಟಿಯ ಕ್ರಮಸಂಖ್ಯೆ ಅಷ್ಟೇ, ತಪ್ಪಿನ ತೂಕ ಅಲ್ಲ. ಒಂದನೇ ಆರೋಪಿ ಬಿಡುಗಡೆಯಾಗಿ ಐದನೆಯವನಿಗೆ ಶಿಕ್ಷೆಯಾದ ತೀರ್ಪನ್ನು ನಾನೇ ಟೈಪ್ ಮಾಡಿದ್ದೇನೆ.

'ಪೊಲೀಸರ ಮುಂದೆ ತಪ್ಪೊಪ್ಪಿಗೆ' ಅಂತ ಕೆಂಪಕ್ಷರದಲ್ಲಿ ಹಾಕಿದ್ದೀಯ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯ ಆಗುವುದಿಲ್ಲ, ಹಳೇ ಸಾಕ್ಷ್ಯ ಕಾಯ್ದೆಯ 25ನೇ ಕಲಂ. ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಆ ಹೇಳಿಕೆಯ ಮೇಲೆ ಹೋಗಿ ಏನಾದರೂ ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಪಟ್ಟಷ್ಟು ಭಾಗ ಮಾತ್ರ ನಿಲ್ಲುತ್ತದೆ. ಅದಕ್ಕೇ ಸ್ಥಳದಲ್ಲೇ ಬರೆಯುವ ಮಹಜರು, ಅದಕ್ಕೆ ಸಾಕ್ಷಿಯಾಗಿ ನಿಲ್ಲುವ ಪಂಚರು ಎಲ್ಲ. ಸಾಕ್ಷಿಗಳು ಪೊಲೀಸರಿಗೆ ಕೊಟ್ಟ ಹೇಳಿಕೆಯೂ ತಾನಾಗಿ ಸಾಕ್ಷ್ಯ ಅಲ್ಲ, ಅದಕ್ಕೆ ಅವರ ಸಹಿ ಕೂಡ ಇರುವುದಿಲ್ಲ. ಚಾರ್ಜ್‌ಶೀಟಿನಲ್ಲಿ ಬರೆದಿದೆ ಅಂದರೆ ಸಾಬೀತಾಗಿದೆ ಅಂತಲ್ಲ. ಟವರ್ ಲೊಕೇಶನ್ ಫೋನ್ ಆ ಸುತ್ತಮುತ್ತ ಇತ್ತು ಅಂತ ಹೇಳುತ್ತದೆ, ಯಾರ ಕೈಯಲ್ಲಿತ್ತು ಅಂತ ಹೇಳುವುದಿಲ್ಲ. ಜಾಮೀನು ವಿಷಯವೂ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ದರ್ಶನ್‌ಗೆ ಜಾಮೀನು ಕೊಟ್ಟಾಗ ಕೇಸ್ ಬಿದ್ದೇಹೋಯಿತು ಅಂದರು. 2025ರ ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಶಿಕ್ಷೆ ಗ್ಯಾರಂಟಿ ಅಂದರು. ಎರಡೂ ಸುಳ್ಳು.

ಆರುಷಿ ಅನ್ನುವ ಹುಡುಗಿಯ ಕೊಲೆ ಕೇಸ್ ನಿನಗೆ ಗೊತ್ತಿರಲೇಬೇಕು. 2008ರ ಮೇ ತಿಂಗಳು, ನೋಯ್ಡಾ. ಮಗು ಸತ್ತ ದಿನ ಮನೆಯ ಕೆಲಸದವನು ಹೇಮರಾಜ್ ಕಾಣಲಿಲ್ಲ, ಅವನೇ ಕೊಂದು ಓಡಿಹೋದ ಅಂದರು. ಮಾರನೇ ದಿನ ಅದೇ ಮನೆಯ ತಾರಸಿ ಮೇಲೆ ಅವನ ಹೆಣ ಸಿಕ್ಕಿತು. ಸತ್ತುಬಿದ್ದಿದ್ದ ಮನುಷ್ಯನನ್ನು ದೇಶವೆಲ್ಲ ಒಂದು ದಿನ ಕೊಲೆಗಾರ ಅಂದಿತು! ಆಮೇಲೆ ಅಪ್ಪ ಅಮ್ಮನ ಮೇಲೆ ಏನೇನೆಲ್ಲ ಟಿವಿಯಲ್ಲಿ ಹೇಳಿದರು, ಅದನ್ನು ಬರೆಯಲೂ ಮನಸ್ಸಾಗುವುದಿಲ್ಲ. 2013ರಲ್ಲಿ ಅವರಿಗೆ ಜೀವಾವಧಿ ಆಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು. ನಾನೂ ಆಗ ಟಿವಿ ಮುಂದೆ ಕೂತು ನೋಡುತ್ತಿದ್ದೆ, ನಿನ್ನನ್ನು ತೊಡೆ ಮೇಲೆ ಮಲಗಿಸಿಕೊಂಡು.

ಈಗ ಥಂಬ್‌ನೇಲ್. ರೇಣುಕಾಸ್ವಾಮಿ ಕೈ ಮುಗಿದು ಬೇಡಿಕೊಳ್ಳುತ್ತಿರುವ ಫೋಟೋ. ಅದು ಹೊರಗೆ ಬಂದಾಗಲೇ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಚಾರ್ಜ್‌ಶೀಟಿನ ವಿವರ ಪ್ರಸಾರ ಮಾಡಬಾರದು ಅಂತ 2024ರ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ಮಾಧ್ಯಮಗಳಿಗೆ ಹೇಳಿತ್ತು. ಅವನು ಸತ್ತಾಗ ಹೆಂಡತಿ ಬಸುರಿ. ಮಗು ಹುಟ್ಟಿದ್ದು ಆ ಅಕ್ಟೋಬರ್‌ನಲ್ಲಿ. ಆ ಮಗು ದೊಡ್ಡವನಾಗಿ ಅಪ್ಪನ ಹೆಸರು ಹಾಕಿ ಹುಡುಕಿದರೆ ಮೊದಲು ಏನು ಕಾಣಬೇಕು? ನಿನ್ನ ಕೆಂಪು ಬಾಣದ ಗುರುತಾ? ಅವನು ಪವಿತ್ರಾಗೆ ಏನು ಮೆಸೇಜ್ ಕಳಿಸಿದ್ದ, ತಪ್ಪು ಮಾಡಿದ್ದನಾ, ಆ ಚರ್ಚೆ ಬೇರೆ. ಕಳಿಸಿದ್ದರೆ ಅದಕ್ಕೆ ಪೊಲೀಸ್ ಇದ್ದರು, ಕಾನೂನು ಇತ್ತು.

ಇನ್ನೊಂದು ಕಡೆಯನ್ನೂ ನೋಡು. ಆರೋಪಿಗಳಲ್ಲಿ ನಮ್ಮೂರಿನ ಹುಡುಗರೂ ಇದ್ದಾರೆ. ಒಬ್ಬನ ತಂದೆ ಮಗನ ಬಂಧನದ ಸಮಯದಲ್ಲೇ ತೀರಿಕೊಂಡರು. ಅವರ ಮನೆಯಲ್ಲೂ ನಿನ್ನ ವಯಸ್ಸಿನ ಹೆಣ್ಣುಮಕ್ಕಳು ಇರುತ್ತಾರೆ, ಕಾಲೇಜಿಗೆ ಹೋಗಬೇಕು, ಮದುವೆಯಾಗಬೇಕು.

ಮತ್ತೆ ನನ್ನ ಭಯ, ಅದನ್ನೂ ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ನಟಿ ರಮ್ಯಾ ಈ ಕೇಸಿನ ಬಗ್ಗೆ ಒಂದು ಮಾತು ಹಾಕಿದ್ದಕ್ಕೆ ಎಂಥೆಂಥ ಹೊಲಸು ಮೆಸೇಜ್ ಬಂದವು, ಪೊಲೀಸರು ಹಲವರನ್ನು ಹಿಡಿಯಬೇಕಾಯಿತು. ಅವರಿಗೆ ಹೆಸರಿದೆ, ದೂರು ಕೊಟ್ಟರೆ ಕಮಿಷನರ್ ಕೇಳುತ್ತಾರೆ. ನೀನು ಪಿಜಿಯಲ್ಲಿ ಒಬ್ಬಳೇ ಇದ್ದೀಯ, ರಾತ್ರಿ ಒಂಬತ್ತಕ್ಕೆ ಮೆಟ್ರೋ ಇಳಿದು ನಡೆದು ಹೋಗುತ್ತೀಯ. ನಿನ್ನ ಮುಖ ಎಲ್ಲ ವಿಡಿಯೋದಲ್ಲೂ ಇದೆ. ಕಾಮೆಂಟ್ ಓದಿದೆ ನಾನು, ಬೇಡ ಅನ್ನಿಸಿದರೂ ಓದಿದೆ. ಒಬ್ಬ ನಿನ್ನ ಏರಿಯಾ ಯಾವುದು ಅಂತ ಕೇಳಿದ್ದಾನೆ. ಅದಕ್ಕೆ ಇನ್ನೊಬ್ಬ ಉತ್ತರ ಕೊಟ್ಟಿದ್ದಾನೆ, ಸರಿಯಾದ ಉತ್ತರ. ನಿನಗೆ ಗೊತ್ತಿತ್ತಾ? ಅಪ್ಪನಿಗೆ ಹೇಳಿಲ್ಲ, ಹೇಳಿದರೆ ಇವತ್ತೇ ಬಸ್ ಹತ್ತುತ್ತಾರೆ.

ಚಾನೆಲ್ ಮುಚ್ಚು ಅಂತ ಹೇಳುತ್ತಿಲ್ಲ. ನಿನ್ನಂಥವರು ಕಾನೂನನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಚಾರ್ಜ್‌ಶೀಟ್ ಅಂದರೆ ಏನು, ಸಾಕ್ಷಿ ಉಲ್ಟಾ ಹೊಡೆದರೆ ಏನಾಗುತ್ತದೆ, ಫೋನಿನ ವಿಡಿಯೋ ಕೋರ್ಟಿನಲ್ಲಿ ನಿಲ್ಲಬೇಕಾದರೆ ಏನು ಪ್ರಮಾಣಪತ್ರ ಬೇಕು, ಇದನ್ನೆಲ್ಲ ಮಾಡು, ನಾನು ಜೊತೆಗೆ ಕೂತು ಹೇಳುತ್ತೇನೆ. ಒಂದು ದಿನ ರಜೆ ಹಾಕಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಗು, ಯಾವುದಾದರೂ ಸೆಷನ್ಸ್ ಕೇಸಿನ ಪಾಟೀ ಸವಾಲು ಕೂತು ಕೇಳು. ಮೊಬೈಲ್ ಆಫ್ ಮಾಡಿರು.

ಥಂಬ್‌ನೇಲ್ ಮಾತ್ರ ಇವತ್ತೇ ತೆಗಿ. ನಿನ್ನ ಏರಿಯಾ ಹೆಸರು ಬರೆದಿರುವ ಕಾಮೆಂಟನ್ನೂ ಅಳಿಸು, ಅದಕ್ಕೆ ಮೊದಲು ಒಂದು ಸ್ಕ್ರೀನ್‌ಶಾಟ್ ಇಟ್ಟುಕೋ, ದೂರು ಕೊಡಬೇಕಾದರೆ ಬೇಕಾಗುತ್ತದೆ. 'ನನ್ನ ಥಿಯರಿ' ಭಾಗದ ಬಗ್ಗೆ ನೀನು ಬಂದಾಗ ಜಗಳ ಆಡೋಣ, ಈ ಸಲ ಚಿಕ್ಕಮ್ಮ ಇಲ್ಲದಾಗ. ಶನಿವಾರ ರಾತ್ರಿ ಫೋನ್ ಮಾಡುತ್ತೇನೆ, ಎತ್ತು.

ಅಮ್ಮ