ಫೋಟೊ ನೋಡಿ ಮಾರ್ಫ್ ಹೇಳಲಾಗದು

ಮಾನ್ಯರೆ,

ಆಫ್ರಿಕಾದ ಬಾಲ್ ಪೈಥಾನ್ ಹಾವು ಸಾಕುವ ಆಸೆ ಮಲೆನಾಡಿನ ಹುಡುಗರಿಗೂ ಹತ್ತಿದೆ. ಮೊಬೈಲಿನಲ್ಲಿ ಬಂದ ಫೋಟೊ ನೋಡಿ ‘ಪಾಸ್ಟೆಲ್’, ‘ಮೊಹಾವಿ’ ಎಂದು ಮಾರ್ಫ್‌ನ (ಹುಟ್ಟುಗುಣದಿಂದ ಬರುವ ಬಣ್ಣ, ಚಿತ್ತಾರದ ಬಗೆ) ಹೆಸರಿಟ್ಟು ದುಡ್ಡು ಕೊಡುವುದು ಮಾತ್ರ ಕುರುಡು ವ್ಯಾಪಾರ.

ಬಣ್ಣ ನೋಡಬೇಕಾದದ್ದು ಪೊರೆ ಬಿಟ್ಟ ಎರಡು ಮೂರು ದಿನದೊಳಗೆ, ಹಗಲು ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ. ಮಳೆಗಾಲದಲ್ಲಿ ನಮ್ಮ ಮನೆಗಳೊಳಗೆ ಮಧ್ಯಾಹ್ನವೂ ದೀಪ ಬೇಕು. ಹಳದಿ ಬಲ್ಬಿನಡಿ ಸಾದಾ (ಸಹಜ ಬಣ್ಣದ) ಹಾವೂ ಪಾಸ್ಟೆಲ್ಲೇ. ಕಣ್ಣು ನೀಲಿಗಟ್ಟಿ ಮೈ ಮಂಕಾಗಿದ್ದರೆ ಪೊರೆ ಬಿಡುವ ತನಕ ಕಾಯಿರಿ.

ಬೆನ್ನಿಗಿಂತ ಪಕ್ಕೆ, ಹೊಟ್ಟೆ, ತಲೆ ಹೆಚ್ಚು ಹೇಳುತ್ತವೆ. ಸಾದಾ ಹಾವಿನ ಪಕ್ಕೆಯ ತಿಳಿಗಂದು ಮಚ್ಚೆಯೊಳಗೆ ಸಾಮಾನ್ಯವಾಗಿ ಎರಡು ಕಪ್ಪು ಚುಕ್ಕೆ. ಮೊಹಾವಿಯಲ್ಲಿ ಹೆಚ್ಚಾಗಿ ಒಂದೇ, ಹೊಟ್ಟೆಯೂ ಬಹುಮಟ್ಟಿಗೆ ಗುರುತಿಲ್ಲದ ಬಿಳಿ. ಪಾಸ್ಟೆಲ್ ಮರಿಯ ಹಳದಿ ವಯಸ್ಸಾದಂತೆ ಕಂದಿಗೆ ತಿರುಗುತ್ತದೆ. ಬನಾನಾ ಮಾರ್ಫ್‌ನ ಮೈಮೇಲೆ ಬರಬರುತ್ತಾ ಕಪ್ಪು ಚುಕ್ಕೆ ಏಳುತ್ತವೆ, ಅದು ರೋಗವಲ್ಲ. ಸ್ಪೈಡರ್ ಮಾರ್ಫ್‌ನ ತಲೆ ಓಲಾಟ ಮಾತ್ರ ಆ ಬಣ್ಣದ ಜೊತೆಗೇ ಬರುವ ನರದೋಷ, ಮದ್ದಿಲ್ಲ. ಅಂಥದ್ದನ್ನು ಕೊಳ್ಳದಿರುವುದೇ ಲೇಸು.

ಬಿಳಿ ಕಲೆಯೆಲ್ಲ ಪೈಬಾಲ್ಡ್ (ಮೈಮೇಲೆ ಬಿಳಿ ತೇಪೆಗಳ ಮಾರ್ಫ್) ಅಲ್ಲ. ಶಾಖ ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಹೀಟ್ ಪ್ಯಾಡ್ ಸುಟ್ಟ ಗಾಯವೂ ಮಾಗಿದ ಮೇಲೆ ಬೆಳ್ಳಗಾಗುತ್ತದೆ, ಆದರೆ ಅಲ್ಲಿ ಹುರುಪೆ ಸುಕ್ಕಾಗಿರುತ್ತದೆ. ಪೈಬಾಲ್ಡ್‌ನ ಬಿಳುಪು ಹುಟ್ಟಿನಿಂದಲೇ ಇದ್ದು, ಹುರುಪೆ ನಯವಾಗಿರುತ್ತದೆ. ಆಷಾಢದ ತೇವ ಹೀರಿದ ಪೆಟ್ಟಿಗೆಯಲ್ಲಿ ಹೊಟ್ಟೆಯಡಿ ಕೆಂಗಂದು ಕಲೆ ಮೂಡಿದರೆ ಅದನ್ನು ಹೊಸ ಮಾರ್ಫ್ ಎಂದು ಸಂಭ್ರಮಿಸಬೇಡಿ. ಅದು ಹುರುಪೆ ಕೊಳೆಯುವ ರೋಗ: ಹಾಸು ಬದಲಿಸಿ, ಪೆಟ್ಟಿಗೆ ಒಣಗಿಸಿ, ವೈದ್ಯರಿಗೆ ತೋರಿಸಿ.

ಹೆಚ್ಚು ಜನ ಮೋಸಹೋಗುವುದು ‘ಹೆಟ್’ ಎಂಬ ಮಾತಿಗೆ. ಅಲ್ಬಿನೊ, ಪೈಬಾಲ್ಡ್, ಕ್ಲೌನ್ ಮಾರ್ಫ್‌ಗಳ ಗುಣಗಳು ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ಮೈಮೇಲೆ ಕಾಣುತ್ತವೆ. ಒಬ್ಬರಿಂದ ಬಂದರೆ ಮರಿ ಸಾದಾ ಹಾವಿನಂತೆಯೇ ಇರುತ್ತದೆ, ಅದೇ ಹೆಟ್. ಎರಡು ಅಲ್ಬಿನೊ ಹೆಟ್ ಕೂಡಿದರೆ ಸರಾಸರಿ 4 ಮರಿಗಳಲ್ಲಿ 1 ಅಲ್ಬಿನೊ. ಉಳಿದ ಮೂರರಲ್ಲಿ ಎರಡು ಹೆಟ್, ಯಾವೆರಡು ಎಂದು ಕಣ್ಣಿಗೆ ತಿಳಿಯದು. ‘ಶೇ 66 ಹೆಟ್’ ಎನ್ನುವುದು ಈ ಸಾಧ್ಯತೆಯ ಲೆಕ್ಕ. ತಂದೆ ತಾಯಿಯ ಫೋಟೊ, ಮೊಟ್ಟೆ ಒಡೆದ ತಾರೀಖು ತೋರಿಸದವರಿಗೆ ಸಾದಾ ಹಾವಿನ ಬೆಲೆಯನ್ನಷ್ಟೇ ಕೊಡಿ.

ಇನ್ನೊಂದು ಗಂಭೀರ ಸಂಗತಿ. ‘ಸಾದಾ ಬಾಲ್ ಪೈಥಾನ್’ ಎಂದು ನಮ್ಮ ಕಾಡಿನ ಹೆಬ್ಬಾವಿನ ಮರಿಯನ್ನೇ ಯಾರಾದರೂ ತಂದರೆ ಗುರುತು ಹಿಡಿಯುವುದು ಸುಲಭ. ಹೆಬ್ಬಾವಿನ ನೆತ್ತಿಯ ಮೇಲೆ ಭರ್ಜಿಯ ಮೊನೆಯಂಥ ಗುರುತಿದೆ, ಬೆನ್ನ ಮೇಲೆ ತಿಳಿ ಮೈಬಣ್ಣದ ನಡುವೆ ದೊಡ್ಡ ಗಾಢ ಪಟ್ಟೆಗಳಿವೆ. ಮೊಟ್ಟೆಯೊಡೆದಾಗಲೇ ಅದು ಒಂದೂವರೆ ಎರಡು ಅಡಿ. ಬಾಲ್ ಪೈಥಾನ್ ಮರಿ ಸುಮಾರು ಒಂದಡಿ. ಹೆಬ್ಬಾವು ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ, ಸಾಕುವಂತಿಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಇಟ್ಟುಕೊಂಡವರೂ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು; ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

– ಉರಗಾಸಕ್ತರು, ಸಾಗರ